ಕೆಂಪು ಗೀಟಿನಡಿಯ ಸರಿ ಉತ್ತರ

ನಾನು ಬರೆದ ಒಂದೇ ಒಂದು ಪ್ರಶ್ನೆ ಓದಿ ಗಜೇಂದ್ರಗಡದ ಕೋಟೆಯ ಕಲ್ಲುಗಳು ಮೂರು ದಿನ ಬೆವರಿದ್ದವು. ಪತ್ರಿಕೆಗೆ ಸೇರುವ ಮೊದಲು, ಪ್ರೋಗ್ರಾಮರ್ ಕೆಲಸದ ಪರೀಕ್ಷೆಗೆ ಬಂದಿದ್ದ ನಲವತ್ತು ಜನರನ್ನು ಒಂದೇ ಹಾಳೆಯಲ್ಲಿ ಉರುಳಿಸಿದವನು ನಾನು! ಆ ಪರಾಕ್ರಮ ಆಮೇಲೆ. ಮೊದಲು ಈ ಲೇಖನಕ್ಕೆಂದು ನಾನು ಹೋದ ರೋಣಕ್ಕೆ ಬನ್ನಿ.

ಬೆಳಗಿನ ಆರು ಗಂಟೆ. ಖಾಸಗಿ ದವಾಖಾನೆಯೊಂದರ ಚೀಟಿ ಕಿಟಕಿಯ ಹಿಂದೆ ಇಪ್ಪತ್ತೇಳರ ನಾಹೀದ ಕಂಪ್ಯೂಟರಿನ ಧೂಳು ಒರೆಸುತ್ತಿದ್ದಾರೆ. ಮೆಣಸಗಿಯ ಮೊದಲ ಬಸ್ಸಿಳಿದು ಬಂದ ಅಜ್ಜಿ "ಸಿದ್ದವ್ವ" ಎನ್ನುತ್ತಾಳೆ.

"ಹನ್ನೊಂದು ಮಂದಿ ಸಿದ್ದವ್ವ ಅದಾರಬೇ. ದೊಡ್ಡ ಮಗನ ಹೆಸರು ಹೇಳು."

"ಅಂದಾನೆಪ್ಪ."

ಹಳೆಯ ಚೀಟಿ ಕಣ್ಣು ಮಿಟುಕಿಸುವುದರೊಳಗೆ ಪರದೆಗೆ ಬರುತ್ತದೆ. ಈ ಪ್ರೋಗ್ರಾಂ ಬರೆದವರು ನಾಹೀದರೇ. ಮೊದಲು ಹೊರಗಿನಿಂದ ತಂದದ್ದು ಗಂಡನ ಹೆಸರು ಕೇಳುತ್ತಿತ್ತಂತೆ. "ಗಂಡನ ಹೆಸರು ಬಾಯಿಲೆ ಹೇಳಂಗಿಲ್ರಿ ಇವ್ರು. ನಾಚಿ ಹಿಂದ ಸರದು ನಿಂದರತಿದ್ರು. ಅದಕ್ಕ ಮಕ್ಕಳ ಹೆಸರಲೆ ಹುಡುಕೋ ಹಂಗ ಮಾಡೀನ್ರಿ."

ದಿನಕ್ಕೆ ಎರಡು ಸಾವಿರ ರೋಗಿಗಳು ಎಂದು ಬರೆದುಕೊಳ್ಳುತ್ತೇನೆ. ಅವರು ಇಣುಕುತ್ತಾರೆ. "ನೂರಾ ನಲವತ್ರಿ ಸರ್ರ. ಊರ ಮಂದೀನೆಲ್ಲಾ ಬ್ಯಾನಿಗೆ ಕೆಡವಬ್ಯಾಡ್ರಿ."

ಇಷ್ಟಾದರೂ ಹಾಜರಿ ಪುಸ್ತಕದಲ್ಲಿ ಅವರು ಬರೀ 'ಟೈಪಿಸ್ಟ್'. ನರಗುಂದದ ದವಾಖಾನೆಯವರು ಇಂಥದ್ದೇ ಪ್ರೋಗ್ರಾಂ ಬರೆದುಕೊಡಲು ಎರಡು ಸಲ ಕರೆದರೂ ಹೋಗಿಲ್ಲ. "ಪರೀಕ್ಷಾದಾಗ ಫೇಲಾದಾಕಿ ನಾ. ಅಲ್ಲಿ ಏನರ ಕೆಟ್ಟರ ಹ್ಯಾಂಗ ಮುಖ ತೋರಸ್ಲಿ?"

ಯಾವ ಪರೀಕ್ಷೆ ಎಂದು ನಾನು ಕೇಳಬಾರದಿತ್ತು. ಅವರು ಫೈಲಿನಿಂದ ಹಾಳೆಯೊಂದನ್ನು ತೆಗೆಯುತ್ತಾರೆ. ಗಜೇಂದ್ರಗಡ, ೨೦೦೫. ಎರಡು ಡಬ್ಬಿಗಳಲ್ಲಿರುವ ಅಂಕಿಗಳನ್ನು ಮೂರನೆಯ ಡಬ್ಬಿ ಬಳಸದೆ ಅದಲುಬದಲು ಮಾಡಿ. ಕೆಳಗೆ ನಾಹೀದರ ಉತ್ತರ, ಅದರ ಮೇಲೆ ಅಡ್ಡಲಾಗಿ ಕೆಂಪು ಗೀಟು.

"ಇದು ನಿಮ್ಮ ಸಹಿ ಅಲ್ರಿ? ಎರಡೂ ಅಂಕಿ ಕೂಡಿಸಿ, ಒಂದೊಂದ ಕಳದೀನಿ. ಮೂರು ವರ್ಷಾತು, ತಪ್ಪು ಎಲ್ಲೈತಿ ಸಿಗವಲ್ದು."

"ಅದಕ್ಕಿಂತ ಸೂಕ್ಷ್ಮವಾದ ದಾರಿ ಒಂದಿತ್ತು..." ಎಂದು ಶುರು ಮಾಡುತ್ತೇನೆ.

ಅವರು ಪೆನ್ನು ಚಾಚುತ್ತಾರೆ. "ಬರದು ತೋರಸ್ರಿ."

ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತೇನೆ.

ಓದುಗರೇ, ನಿಮಗೆ ಖರೇ ಹೇಳಿಬಿಡುತ್ತೇನೆ. ಪ್ರಶ್ನೆ ನನ್ನದಲ್ಲ, ಯಾವುದೋ ಪುಸ್ತಕದ್ದು. ಕೊನೆಯ ಪುಟದಲ್ಲಿದ್ದ ಉತ್ತರ ಬೇರೆ ಬಗೆಯದು. ಅದೂ ನನಗೆ ಅರ್ಥವಾಗಿರಲಿಲ್ಲ, ನಾಹೀದ ಬರೆದದ್ದೂ ಅರ್ಥವಾಗಿರಲಿಲ್ಲ. ಪುಸ್ತಕದ ಉತ್ತರಕ್ಕೆ ಹೊಂದದ್ದಕ್ಕೆಲ್ಲ ಗೀಟೆಳೆದೆ. ಬಂದವರು ನಲವತ್ತಲ್ಲ, ಆರು ಜನ.

ತಲೆ ತಗ್ಗಿಸಿ ಅವರ ಮುಂದೆಯೂ ಇದನ್ನೇ ಹೇಳಿದೆ. ಅವರು ಹಾಳೆಯನ್ನು ಮಡಚಿ ಫೈಲಿಗೆ ಸೇರಿಸಿದರು. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

"ಬಾಯಿಲೆ ಬ್ಯಾಡ್ರಿ ಸರ್ರ, ಪೇಪರನ್ಯಾಗ ಬರೀರಿ. ಕತ್ತರಿಸಿಕೊಂಡು ನರಗುಂದಕ್ಕ ಹೊಕ್ಕೀನಿ."

ಬರೆದಿದ್ದೇನೆ. ನಾಹೀದರ ಉತ್ತರ ಸರಿಯಾಗಿತ್ತು. ಉತ್ತರ ಗೊತ್ತಿಲ್ಲದೆ ಇದ್ದದ್ದು ನನಗೆ.