ಒಳಗ ಅದಾರ್ರೀ

ಅಮೆರಿಕದ ಸೀಡರ್ ಪಾರ್ಕ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಆಂಟಿ ಅಂಟಾರ್ಕ್ಟಿಕಾದ ಸರೋವರಗಳಲ್ಲಿ ಸಂಶೋಧನೆ ಮಾಡಿ ಬಂದವರು. ಅಲ್ಲಿ ನೀರಿನ ಮೇಲಿನ ಮಂಜುಗಡ್ಡೆ ಎಂದೂ ಪೂರ್ತಿ ಕರಗುವುದಿಲ್ಲ. ಅದರಡಿಯಲ್ಲಿ ಬರಿಗಣ್ಣಿಗೆ ಕಾಣದ ಪ್ಲಾಂಕ್ಟನ್ ಜೀವಿಗಳಿವೆ. ಅವುಗಳ ಮಾತು ಬಂದಾಗಲೆಲ್ಲ ಆಂಟಿ ಹೆಬ್ಬೆರಳನ್ನು ಕೆಳಗೆ ಮಾಡಿ, "ಒಳಗ ಅದಾರ್ರೀ" ಎನ್ನುತ್ತಿದ್ದರು, ಮನೆಯ ಹಿರಿಯರ ಬಗ್ಗೆ ಹೇಳುವ ಹಾಗೆ.

ಎಲ್ಲರೂ ಅಡುಗೆ ತಂದು ಹಂಚಿಕೊಳ್ಳುವ ಒಂದು ಪಾಟ್‌ಲಕ್ ಊಟದಲ್ಲಿ ನನ್ನ ಗಂಡ ನಕ್ಕುಬಿಟ್ಟರು. "ಪಾಚಿಗೂ ಇಷ್ಟು ಮರ್ಯಾದೆನಾ ಆಂಟಿ? 'ಇದಾವೆ' ಅಂದ್ರೆ ಸಾಕಲ್ವಾ?"

ಆಂಟಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ತಿಂಗಳಗಟ್ಲೆ ಸೂರ್ಯ ಹುಟ್ಟಂಗಿಲ್ರೀ ಅಲ್ಲಿ. ಬೆಳಕಿದ್ರ ಬೆಳಕಿನ ಮ್ಯಾಲೆ ಬದುಕ್ತಾರ, ಇಲ್ಲಂದ್ರ ಬ್ಯಾಕ್ಟೀರಿಯಾ ಹಿಡಿದು ತಿಂತಾರ. ಜಾಗಾ ಬಿಡಂಗಿಲ್ಲ. ನೀವು ಒಂದು ರಾತ್ರಿ ಕರೆಂಟ್ ಹೋಗಿದ್ದಕ್ಕ ಹ್ಯೂಸ್ಟನ್‌ಗೆ ಓಡಿದ್ರಿ!"

ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಇಂಥವರ ನೆರೆಯವಳು ಎಂದು ಹೇಳಿಕೊಳ್ಳುವುದೇ ನನಗೊಂದು ಹೆಮ್ಮೆಯಾಗಿತ್ತು.

ಆಮೇಲೆ ಆಂಟಿ ದೂರದ ಮೆಕಿನ್ನಿ ಊರಿಗೆ ಶಿಫ್ಟ್ ಆದರು. ಈ ಚಳಿಗಾಲದಲ್ಲಿ ನಮ್ಮ ಬಡಾವಣೆಯ ಕೊಳ ಹೆಪ್ಪುಗಟ್ಟಿದಾಗ ಮಗಳು ಬಗ್ಗಿ ನೋಡಿ, "ಎವ್ರಿಥಿಂಗ್ ಈಸ್ ಡೆಡ್, ರೈಟ್?" ಎಂದಳು.

ಮೈಸೂರಿನವರಾದ ನನ್ನ ಗಂಡ ಕೈಗವಸು ತೆಗೆದು, ಹೆಬ್ಬೆರಳನ್ನು ಕೆಳಗೆ ಮಾಡಿದರು.

"ಇಲ್ಲ ಕಣೇ. ಒಳಗೆ ಇದಾರೆ."