ನೀಲವ್ವತ್ತೆಯ ಮಂತ್ರಿಪದವಿ

ಇಂಟರ್‌ನೆಟ್ ಎಂದರೆ ಜ್ಞಾನದ ಸಾಗರ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ. ಭಾನುವಾರ ರಾಮದುರ್ಗದ ಸೈಬರ್ ಕೆಫೆಯಲ್ಲಿ ಕೂತು ನಾನು ಓದುತ್ತಿದ್ದುದು ಮಾತ್ರ ಬರೀ ಚೇಷ್ಟೆಯ ಪುಟಗಳನ್ನು. ಆಗೆಲ್ಲ ಒಂದು ಪುಟ ತೆರೆಯುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಹಾಗೆ ಕಾದು ಕಂಡದ್ದೊಂದು ಸುದ್ದಿ: ರಾಮದುರ್ಗ ಸಂಸ್ಥಾನ ಮತ್ತೆ ಸ್ವತಂತ್ರವಾಗಿದೆಯಂತೆ. ಪಕ್ಕದ ಸವದತ್ತಿಯವರು ಬರಬೇಕಾದರೆ ವೀಸಾ ಬೇಕಂತೆ. ಮಂತ್ರಿಗಳ ಹುದ್ದೆಗಳು ಖಾಲಿ ಇವೆಯಂತೆ, ಅರ್ಜಿ ಹಾಕಬಹುದಂತೆ. ಊರು ಬಿಟ್ಟ ಯಾರೋ ಪುಣ್ಯಾತ್ಮ ಬರೆದದ್ದು.

ಮನೆಗೆ ಬಂದು ಹೇಳಿದೆ. ಎಲ್ಲರೂ ನಕ್ಕರು, ನನ್ನ ಸೋದರತ್ತೆ ನೀಲವ್ವ ಒಬ್ಬಳನ್ನು ಬಿಟ್ಟು.

“ನನ್ನ ಹೆಸರ ಹಾಕು. ನೀರಿನ ಮಂತ್ರಿ.”

“ಅತ್ತಿ, ಅದು ಚ್ಯಾಷ್ಟಿಗೆ ಬರದದ್ದು.”

“ಚ್ಯಾಷ್ಟಿಗರ ಬರೀಲಿ, ಖರೇನರ ಬರೀಲಿ. ನೀ ಹಾಕು.”

ನಮ್ಮ ಓಣಿಗೂ ಹಿಂದಿನ ಓಣಿಗೂ ನಡುವೆ ನೀರಿನ ಪೈಪು ಒಡೆದಿತ್ತು. ಒಡೆದ ಜಾಗ ತಮ್ಮದಲ್ಲ ಎಂದು ಎರಡೂ ಕಡೆಯವರ ಹಟ. ಮೊದಲು ಗುದ್ದಲಿ ಹಿಡಿದವರು ಸೋತಂತೆ. ಗಂಡಸರು ಮಾತು ಬಿಟ್ಟಿದ್ದರು. ಮಲಪ್ರಭೆ ಮಗ್ಗುಲಲ್ಲೇ ಹರಿಯುತ್ತಿದ್ದರೂ ಹೆಂಗಸರು ದೂರದ ಬೋರಿನಿಂದ ಕೊಡ ಹೊರುತ್ತಿದ್ದರು.

ಅರ್ಜಿ ಹಾಕಿದೆ. ಮುಂದಿನ ಭಾನುವಾರ ಉತ್ತರ ಬಂದಿತ್ತು: ಶ್ರೀಮತಿ ನೀಲವ್ವನವರನ್ನು ನೇಮಿಸಲಾಗಿದೆ, ಕೂಡಲೇ ಅಧಿಕಾರ ವಹಿಸಿಕೊಳ್ಳತಕ್ಕದ್ದು. ಅದರ ಪ್ರಿಂಟ್ ತೆಗೆಸಿ ಮನೆಗೆ ತಂದೆ. ಅತ್ತೆ ಇಳಕಲ್ ಸೀರೆ ಉಟ್ಟು, ಒಡೆದ ಪೈಪಿನ ಮುಂದೆ ಕುರ್ಚಿ ಹಾಕಿ ಕೂತಳು. ಎರಡೂ ಓಣಿಯವರನ್ನು ಕರೆಸಿ, ನನ್ನಿಂದ ಆ ಪ್ರಿಂಟನ್ನು ಗಟ್ಟಿಯಾಗಿ ಓದಿಸಿದಳು. ವಿಜ್ಞಾನದ ಮಾಸ್ತರನಾದ ನನ್ನ ಧ್ವನಿ ಅಂದು ನಡುಗಿದಷ್ಟು ಯಾವ ಶಾಲಾ ತಪಾಸಣೆಯಲ್ಲೂ ನಡುಗಿರಲಿಲ್ಲ.

ಮೊದಲು ನಕ್ಕವರು ಹಿಂದಿನ ಓಣಿಯ ಹಿರಿಯರಾದ ಬಸಪ್ಪ. ಆಮೇಲೆ ನಮ್ಮ ಓಣಿ. ಮಾತು ಬಿಟ್ಟವರು ಒಬ್ಬರ ಹೆಗಲು ಒಬ್ಬರು ಹಿಡಿದು ನಕ್ಕರು. ಅತ್ತೆ ಕದಲಲಿಲ್ಲ.

“ನಕ್ಕದ್ದು ಆತಿಲ್ಲೊ? ಈಗ ಅಗೀರಿ. ಎರಡೂ ಓಣಿಗೆ ಹುಕುಮ ಐತಿ.”

“ಮಂತ್ರಿಯವರ ಹುಕುಮ ಮೀರಾಕ ಬರೂದಿಲ್ಲಪಾ,” ಎಂದು ಬಸಪ್ಪನವರೇ ಗುದ್ದಲಿ ತರಿಸಿದರು. ನಮ್ಮವರೂ ಓಡಿ ಬುಟ್ಟಿ ತಂದರು. ರಾಜನಿಗೆ ಯಾರೂ ಹೇಳಲಾಗದ್ದನ್ನು ವಿದೂಷಕ ಹೇಳುತ್ತಾನೆಂದು ಹಳೆಯ ನಾಟಕಗಳಲ್ಲಿ ಓದಿದ್ದೆ. ವಿದೂಷಕನ ಮಾತಿಗೆ ಜನ ನೆಲ ಅಗೆದದ್ದನ್ನು ಎಲ್ಲೂ ಓದಿರಲಿಲ್ಲ.

ಸಂಜೆಗೆ ನಳದಲ್ಲಿ ನೀರು ಬಂತು.

“ಅಲ್ಲತ್ತಿ, ಸುಳ್ಳ ಮಂತ್ರಿ ಮಾತ ಹೆಂಗ ಕೇಳಿದ್ರು?” ಎಂದೆ.

ಕೊಡ ತುಂಬುವುದನ್ನೇ ನೋಡುತ್ತ ಅತ್ತೆ ಹೇಳಿದಳು: “ಖರೇ ಮಂತ್ರಿ ಆಗಿದ್ರ ಯಾವ ಓಣಿ ಕಡೆಯಾಕಿ ಅಂತ ಕೇಳತಿದ್ರು. ಸುಳ್ಳ ಮಂತ್ರಿ ಮುಂದ ಸೋತ್ರ ಯಾರೂ ಸೋತಂಗಲ್ಲೊ.”