ಕಾಕೂ ಎಳೆದ ಉಗುರಿನ ಗೆರೆ

ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಬಾಜೂಮನೆಯ ಕಾಕೂ ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಕತ್ತರಿಸುತ್ತಿರಲಿಲ್ಲ. ಕಾದಂಬರಿ ಓದುವಾಗ ಸುಳ್ಳೆನಿಸಿದ ಸಾಲಿನ ಪಕ್ಕ ಆ ಉಗುರಿನಿಂದ ಸರ್ರನೆ ಒಂದು ಗೆರೆ ಎಳೆಯುತ್ತಿದ್ದರು. ಪೆನ್ಸಿಲ್ ಮುಟ್ಟುತ್ತಿರಲಿಲ್ಲ, ಲೈಬ್ರರಿಯವನು ಬೈಯುತ್ತಾನಲ್ಲ!

ಎಂಬತ್ತರ ದಶಕ. ಅಣ್ಣಿಗೇರಿಯ ನಮ್ಮ ಓಣಿಯ ಹೆಂಗಸರಿಗೆಲ್ಲ ಪ್ರೇಮ ಕಾದಂಬರಿಗಳ ಹುಚ್ಚು. ಒಂದು ಪುಸ್ತಕ ಹತ್ತು ಮನೆ ತಿರುಗುತ್ತಿತ್ತು, ಆದರೆ ಮೊದಲು ಕಾಕೂ ಓದಬೇಕು. ಉಳಿದವರು ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೆರೆ ಹುಡುಕಿ, ಆಮೇಲೆ ಕತೆ ಓದುತ್ತಿದ್ದರು. ಶಾವಿಗೆ ಹೊಸೆಯಲು ಕೂತಾಗಲೂ ಅದೇ ಮಾತು. "ಏನ್ ನಾಯಕನೋ ಏನೋ! ಮಳ್ಯಾಗ ನಿಂತು ಹಾಡ ಹೇಳ್ತಾನ. ಆಕಿ ಉಂಡಾಳೋ ಇಲ್ಲೋ, ಒಂದ್ಸಲರೇ ಕೇಳ್ಯಾನೇನ್ ನೋಡ್ರಿ?" ಎಂದು ಕಾಕೂ ಅಂದರೆ ಎಲ್ಲರೂ ಗೊಳ್ಳೆಂದು ನಗುತ್ತಿದ್ದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡಿ ಕನ್ನಡದಲ್ಲಿ ಬಿ.ಎ. ಮಾಡಿದವಳು ನಾನು. ಕಾಕೂ ಓದಿದ್ದು ನಾಲ್ಕನೇ ಇಯತ್ತೆ. ಆದರೂ ನನ್ನ ಅಭಿಪ್ರಾಯವನ್ನು ಒಂದು ನರಪಿಳ್ಳೆಯೂ ಕೇಳುತ್ತಿರಲಿಲ್ಲ. ನನ್ನ ಹೆತ್ತ ತಾಯಿಯೇ "ಕಾಕೂ ಏನಂದ್ರ?" ಎನ್ನುತ್ತಿದ್ದಳು!

ಅವರ ಬಾಯಿ ಮುಚ್ಚಿಸಲೆಂದೇ ನಾನೂ ಒಂದು ಪ್ರೇಮ ಕಾದಂಬರಿ ಬರೆದೆ. ನೋಟ್‌ಬುಕ್ಕಿನ ತುಂಬ ಬೆಳದಿಂಗಳು, ಕಣ್ಣೀರು. "ನನ್ನ ಗೆಳತಿ ಬರದಾಳ್ರಿ, ಕಾಕೂ" ಎಂದು ಸುಳ್ಳು ಹೇಳಿ ಕೊಟ್ಟೆ. ಎಂಟು ದಿನಕ್ಕೆ ತಿರುಗಿ ಬಂತು. ತೆರೆದರೆ ಪುಟಪುಟಕ್ಕೂ ಗೆರೆ. ನಾಲ್ಕು ಪುಟ ಮಾತ್ರ ಸ್ವಚ್ಛ ಇದ್ದವು. ಅವು ನಾಯಕಿಯನ್ನು ಕಂಡು ಕರುಬುವ ನೆಗೆಣ್ಣಿಯ, ಅಂದರೆ ಓರಗಿತ್ತಿಯ, ಪುಟಗಳು.

"ಈ ನೆಗೆಣ್ಣಿ ಒಬ್ಬಾಕಿ ಅಗದಿ ಖರೇ ಅದಾಳ ನೋಡವಾ" ಎಂದರು ಕಾಕೂ, ನನ್ನ ಮುಖವನ್ನೇ ನೋಡುತ್ತ. "ನಿನ್ನ ಗೆಳತಿಗೆ ಹೇಳು. ಪ್ರೀತಿ ಆಮ್ಯಾಲ ಬರೀಲಿ. ಮದ್ಲ ಹೊಟ್ಟಿಕಿಚ್ಚು ಬರಿ ಅನ್ನು. ಅದು ಆಕಿಗೆ ಗೊತ್ತೈತಿ."

ಸಿಕ್ಕಿಬಿದ್ದಿದ್ದೆ. ತಿಂಗಳೊಪ್ಪತ್ತು ಅವರ ಮನೆ ಕಡೆ ಹಾಯಲಿಲ್ಲ. ಆದರೆ ಆ ನೆಗೆಣ್ಣಿಯನ್ನೇ ಕತೆಯ ನಡುಮನೆಗೆ ತಂದು ಕೂರಿಸಿ ಮತ್ತೆ ಬರೆದೆ. ಎರಡು ವರ್ಷಕ್ಕೆ ಅದು ಅಚ್ಚಾಯಿತು. ಮೊದಲ ಪ್ರತಿ ಕೊಡಲು ಹೋದರೆ ಕಾಕೂ ಅವರನ್ನು ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದ್ದರು. ಅವರ ಸೊಸೆಯ ಕೈಯಲ್ಲಿ ಕೊಟ್ಟು ಕಳಿಸಿದೆ.

ತಿಂಗಳೊಳಗೆ ಕಾಕೂ ಹೋದರು. ಹದಿಮೂರನೆಯ ದಿನ ಕಳೆದ ಮೇಲೆ ಸೊಸೆ ಎರಡು ಪುಸ್ತಕ ತಂದಿಟ್ಟಳು. ಒಂದು, ದವಾಖಾನೆಗೆ ಹೋಗುವ ಮುಂಚೆ ಕಾಕೂ ಓದಿದ್ದ ಯಾರದೋ ಕಾದಂಬರಿ, ತುಂಬ ಗೆರೆಗಳು. ಇನ್ನೊಂದು ನನ್ನದು. ಬೆಳಕಿಗೆ ಓರೆಯಾಗಿ ಹಿಡಿದು ಒಂದೊಂದೇ ಪುಟ ತಿರುವಿದೆ. ಒಂದೂ ಗೆರೆಯಿಲ್ಲ! "ಪೂರ್ತಿ ಓದಿದ್ರೇನವಾ?" ಎಂದೆ.

"ಎದಿ ಮ್ಯಾಲ ಇಟ್ಕೊಂಡು ಮಲಗಿರ್ತಿದ್ರು. ಎಷ್ಟ್ ಓದಿದ್ರೋ ಗೊತ್ತಿಲ್ರಿ ಅಕ್ಕಾ. ಸೇರಿಸಿದ ದಿನಾನ ನರ್ಸ್‌ಬಾಯಿ ಅವರ ಉಗುರು ಕತ್ತರಿಸಿಬಿಟ್ಟಿದ್ಲು."

ನಾನು ಆ ಗೆರೆ ತುಂಬಿದ ಪುಸ್ತಕವನ್ನು ಎತ್ತಿಕೊಂಡೆ. ಎಂಥ ಕೆಟ್ಟ ಕಾದಂಬರಿ ಅದು! ಆದರೆ ಪುಟಪುಟಕ್ಕೂ ಕಾಕೂ ಇದ್ದರು. ಬರೆದವಳು ಯಾರೋ ಏನೋ, ಅವಳ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.